ತಪಾಸಣೆಗೆ ಬೆಚ್ಚಗಾದ ಮನೆ

ಬೀದಿಯವರೆಲ್ಲ ಆಕೆಯನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಮಹಡಿಯ ಬಾಡಿಗೆ ಮನೆಯಲ್ಲಿ ಉಳಿದದ್ದು ಆಕೆ, ಆಕೆಯ ಅತ್ತೆ ಮತ್ತು ಒಂದು ಹೊಲಿಗೆ ಯಂತ್ರ. ಅತ್ತೆ ಸೊಸೆ ಎಂದರೆ ಹಾವು ಮುಂಗುಸಿ ಎಂದು ನಂಬಿಕೊಂಡವರಿಗೆ ಈ ಜೋಡಿಯಿಂದ ಬರೀ ನಿರಾಸೆ. ಮುದುಕಿಗೆ ಕಿವಿ ಮಂದ, ಬಾಯಿ ಚುರುಕು. ಅವಳು ಗುಂಡಿ ಹಚ್ಚುತ್ತಿದ್ದಳು, ಸೊಸೆ ಅಂಚು ಮಡಿಸುತ್ತಿದ್ದಳು. ಇಬ್ಬರೂ ಸೇರಿ ಊರವರ ಸೊಂಟದ ಅಳತೆ ಆಡಿಕೊಂಡು ನಗುತ್ತಿದ್ದರು.

ಆ ಮನೆಯ ದೊಡ್ಡ ರೋಗ ಚಳಿ. ಕಿಟಕಿಯ ಚೌಕಟ್ಟು ಗೋಡೆ ಬಿಟ್ಟು ಸರಿದಿತ್ತು. ಹೀಟರಿನ ಶಾಖವೆಲ್ಲ ಆ ಸಂದಿನಿಂದ ಬೀದಿಪಾಲಾಗುತ್ತಿತ್ತು, ಅತ್ತೆಗೆ ಉಬ್ಬಸ ಏರುತ್ತಿತ್ತು. ಕಳೆದ ಚಳಿಗಾಲದಲ್ಲಿ ಆಸ್ಪತ್ರೆಯ ಡಾಕ್ಟರಮ್ಮ, "ಇನ್ನೊಂದು ಸಲ ಹೀಗಾದ್ರೆ ಕಷ್ಟ. ಇವರನ್ನ ಬೆಚ್ಚಗಿಡಿ" ಎಂದಿದ್ದರು. ಮನೆಯ ಓನರಿಗೆ ಹೇಳಿದರೆ "ನೋಡೋಣ" ಎನ್ನುತ್ತಿದ್ದ. ನೋಡುವುದರಲ್ಲೇ ಅವನ ಆಯಸ್ಸು ಮುಗಿಯುವಂತಿತ್ತು.

ಅಷ್ಟರಲ್ಲಿ ಸರ್ಕಾರ ಹೊಸ ನಿಯಮ ತಂದಿತು. ಬಾಡಿಗೆ ಮನೆಗಳು ಶಾಖ ಹಿಡಿದಿಡುತ್ತವೆಯೋ ಕರೆಂಟು ಪೋಲು ಮಾಡುತ್ತವೆಯೋ ಎಂದು ತಪಾಸಣೆ ಮಾಡಿ ದರ್ಜೆ ಕೊಡುತ್ತಾರಂತೆ. ಫೇಲಾದ ಮನೆಯನ್ನು ಬಾಡಿಗೆಗೆ ಕೊಡುವಂತಿಲ್ಲವಂತೆ. ಟೈಲರಮ್ಮನ ತಲೆಯಲ್ಲಿ ಕೂತದ್ದು ಆ ಕೊನೆಯ ಮಾತು ಮಾತ್ರ. ಹಿಂದಿನ ಬೀದಿಯಲ್ಲಿ ಒಂದು ಮನೆ ಫೇಲಾಗಿ, ಅದರಲ್ಲಿದ್ದವರ ಹಾಸಿಗೆ ಪಾತ್ರೆಗಳೆಲ್ಲ ರಸ್ತೆಗೆ ಬಿದ್ದದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು. ಅಂದಿನಿಂದ ಊಟ ಸೇರುತ್ತಿರಲಿಲ್ಲ. ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಜೀವ ಬಾಯಿಗೆ ಬರುತ್ತಿತ್ತು.

"ಈ ಮನೆ ಫೇಲಾದ್ರೆ ನಾವೆಲ್ಲಿಗೆ ಹೋಗೋದು ಅತ್ತೆ?" ಎಂದು ಗಟ್ಟಿಯಾಗಿ ಕೇಳಿದಳು.

"ಫೇಲಾಗೋಕೆ ಬಿಟ್ರೆ ತಾನೆ?" ಎಂದಳು ಮುದುಕಿ, ಓದದ ಹುಡುಗನ ಬಗ್ಗೆ ಮಾತಾಡುವ ಹಾಗೆ.

ಬೇರೆ ಯಾರಾದರೂ ಆಗಿದ್ದರೆ ದೇವರಿದ್ದಾನೆ ಎಂದು ಸುಮ್ಮನಿರುತ್ತಿದ್ದರು. ಟೈಲರಮ್ಮನ ಬಳಿ ಚೀಲದ ತುಂಬ ಬಟ್ಟೆ ಚೂರುಗಳಿದ್ದವು. ಅವನ್ನು ಸುತ್ತಿ, ಬೆರಳು ಗಾತ್ರದ ಸುರುಳಿಗಳನ್ನು ಹೊಲಿದು, ಸಂದುಗಳಿಗೆ ತುರುಕಿ, ಮೇಲೆ ಕಾಗದ ಅಂಟಿಸಿ ಸುಣ್ಣ ಬಳಿದಳು. ಹರಿದ ಕೋಟಿಗೆ ಗುರುತೇ ಸಿಗದಂತೆ ತೇಪೆ ಹಾಕುವವಳಿಗೆ ಗೋಡೆ ಯಾವ ಲೆಕ್ಕ? ಇದು ಬಾಳುವುದಿಲ್ಲ ಎಂದೂ ಗೊತ್ತಿತ್ತು. ಹಿಂದೊಮ್ಮೆ ಹೀಗೇ ಮಾಡಿದಾಗ ಬಟ್ಟೆ ಹೊರಗಿನ ತೇವ ಹೀರಿ ಬೂಷ್ಟು ಹಿಡಿದು, ಅತ್ತೆಯ ಉಬ್ಬಸ ಎರಡರಷ್ಟಾಗಿ, ಎಲ್ಲವನ್ನೂ ಕಿತ್ತೆಸೆದಿದ್ದಳು. ಆದರೆ ಈಗ ಬೇಕಾದದ್ದು ಒಂದು ದಿನದ ಮಾನ.

ತಪಾಸಣೆಯ ದಿನ ಬೆಳಗ್ಗೆಯಿಂದ ಹೀಟರೂ ಇಸ್ತ್ರಿಪೆಟ್ಟಿಗೆಯೂ ಉರಿದವು. ಕೆಳಗೆ ಮಾತು ಕೇಳಿಸಿದಾಗ ಟೈಲರಮ್ಮ ಅತ್ತೆಯ ಕಿವಿಗೆ ಬಾಗಿದಳು.

"ಶಾಲು, ಸ್ವೆಟರ್ ಎರಡೂ ತೆಗೀರಿ ಅತ್ತೆ. ಇಷ್ಟೊಂದು ಹೊದ್ಕೊಂಡು ಕೂತ್ರೆ ಅವರಿಗೆ ಅನುಮಾನ ಬರುತ್ತೆ."

ಮುದುಕಿ ಎರಡನ್ನೂ ತೆಗೆದುಕೊಟ್ಟಳು. ಕಡ್ಡಿಯಂಥ ಆ ತೋಳುಗಳನ್ನು ನೋಡಲಾರದೆ ಸೊಸೆ ಮುಖ ತಿರುಗಿಸಿದಳು.

ತಪಾಸಣೆಯವನು ಬಂದ, ಹಿಂದೆಯೇ ಓನರ್. ತಪಾಸಣೆಯವನು ತೆಳುವಾದ ಕಾಗದದ ಪಟ್ಟಿಯೊಂದನ್ನು ಕಿಟಕಿಯ ಅಂಚಿಗೆ ಹಿಡಿದ. ಸಂದಿನ ಗಾಳಿಗೆ ಅದು ಅಲುಗಿದರೆ ತಮ್ಮ ಸಾಮಾನು ರಸ್ತೆಗೆ. ಪಟ್ಟಿ ಅಲುಗಲಿಲ್ಲ.

"ಚಳಿ ಆಗುತ್ತಾ ಅಜ್ಜಿ?" ಎಂದು ಅವನು ಜೋರಾಗಿ ಕೇಳಿದ.

"ಚಳಿನಾ? ಸೆಖೆ ತಡೆಯೋಕಾಗ್ತಿಲ್ಲಪ್ಪ," ಎಂದಳು ಮುದುಕಿ, ನಡುಗುವ ಕೈಗಳನ್ನು ಗುಂಡಿ ಡಬ್ಬಿಯೊಳಗೆ ಅಡಗಿಸಿ.

ಅವನು ನಕ್ಕು, ದನಿ ಇಳಿಸಿ ಟೈಲರಮ್ಮನಿಗೆ ಹೇಳಿದ: "ನಿಮ್ಮನೆ ಪಾಸಮ್ಮ. ಕೆಳಗಿನ ಮನೆ ಫೇಲು. ಅದನ್ನ ಇವರು ಪೂರ್ತಿ ರಿಪೇರಿ ಮಾಡಿಸ್ಬೇಕು."

ಓನರ್ ಹರಳೆಣ್ಣೆ ಕುಡಿದವನಂತೆ ನಿಂತಿದ್ದ.

"ಮತ್ತೆ ಅಲ್ಲಿರೋರು?" ಎಂದು ಟೈಲರಮ್ಮ ಕೇಳಿದಳು.

"ಅಲ್ಲೇ ಇರ್ತಾರೆ. ಈಗಾಗ್ಲೇ ಇರೋ ಬಾಡಿಗೆಯವರನ್ನ ಬಿಡಿಸೋ ಹಾಗಿಲ್ಲ ಅಂತ ನಿಯಮದಲ್ಲೇ ಇದೆಯಲ್ಲ. ಹಿಂದಿನ ಬೀದೀಲಿ ಹೊರಗೆ ಹಾಕಿದವನ ಮೇಲೆ ಕೇಸಾಗಿದೆ. ನಿಮಗೆ ಆ ತಲೆನೋವಿಲ್ಲ ಬಿಡಿ, ಇನ್ನು ಹತ್ತು ವರ್ಷ ಯಾರೂ ಬರಲ್ಲ."

ಹತ್ತು ವರ್ಷ. ಫೇಲಾಗಿದ್ದರೆ ಈ ಕಿಟಕಿಯೂ ರಿಪೇರಿಯಾಗುತ್ತಿತ್ತು. ಕಿಟಕಿ ಕೈಗೆಟಕುವಷ್ಟು ದೂರದಲ್ಲಿತ್ತು. ಒಂದು ಸುರುಳಿ ಎಳೆದರೆ ಸಾಕಿತ್ತು. ಆದರೆ ಓನರ್ ಆಕೆಯನ್ನೇ ನೋಡುತ್ತಿದ್ದ. ಹಸಿ ಸುಣ್ಣವನ್ನೂ ನೋಡಿದ, ಮತ್ತೆ ಆಕೆಯನ್ನು ನೋಡಿದ. ನಿಯಮ ಈಗ ಮೆಟ್ಟಿಲಿಳಿದು ಹೋಗುತ್ತದೆ, ಈ ಮನುಷ್ಯ ದಿನಾ ಇಲ್ಲೇ ಇರುತ್ತಾನೆ.

ಅತ್ತೆಗೆ ಕೆಮ್ಮು ಬಂತು. ಹಿಡಿದುಕೊಳ್ಳಲು ನೋಡಿದಳು, ಆಗಲಿಲ್ಲ.

"ಇವರಿಗೆ ಹುಷಾರಿಲ್ವಾ?" ಬಾಗಿಲಲ್ಲಿದ್ದ ತಪಾಸಣೆಯವನು ತಿರುಗಿ ನಿಂತ.

ಟೈಲರಮ್ಮ ಬಾಯಿ ತೆರೆದಳು.

"ವಯಸ್ಸಾಯ್ತಲ್ಲ ಸಾರ್, ಅಷ್ಟೇ."

ಅವರು ಇಳಿದು ಹೋದರು. ಉಸಿರು ಹತೋಟಿಗೆ ಬಂದ ಮೇಲೆ ಮುದುಕಿ ಕೇಳಿದಳು: "ಏನಂದ? ಪಾಸಾ?"

"ಹೂಂ ಅತ್ತೆ."

"ಜಾಣೆ ಕಣೇ ನೀನು," ಎಂದು ಮುದುಕಿ ಸೊಸೆಯ ಕೆನ್ನೆ ಸವರಿದಳು.