ಕೆಂಪು ದಾರದ ಬದನೆ

ನಮ್ಮ ಬೀದಿಗೆ ಮಾರಲು ಬರುತ್ತಿದ್ದ ಬದನೆ ಅಕ್ಕನ ಹೆಬ್ಬೆರಳಿನ ಉಗುರು ಸದಾ ಕಪ್ಪಗಿರುತ್ತಿತ್ತು. ದಿನವೂ ಬದನೆಕಾಯಿ ಸೀಳಿ, ಒಳಗೆ ಹುಳವಿಲ್ಲವೆಂದು ತೋರಿಸಿ ತೋರಿಸಿ ಹಿಡಿದ ಕರೆ. ಆ ಉಗುರಿನಾಣೆ, ಅವರಿಗೆ ದ್ರೋಹ ಬಗೆದವನು ನಾನೇ. ಮೊದಲೇ ಹೇಳಿಬಿಡುತ್ತೇನೆ, ಬೈಯುವವರಿಗೆ ಅನುಕೂಲ.

ಕುವೆಂಪುನಗರದ ನಮ್ಮ ಬೀದಿಯಲ್ಲಿ ನಾನು ಅಣಕಿಸದ ದನಿಯಿಲ್ಲ. ನನ್ನ ದನಿಯನ್ನೂ ಅಣಕಿಸಿದ್ದೇನೆ. ಅದೊಂದನ್ನು ಮಾತ್ರ ಯಾರೂ ಗುರುತು ಹಿಡಿಯಲಿಲ್ಲ. ಗಾಡಿ ತಳ್ಳುತ್ತಾ ಅಕ್ಕ ಕೂಗುವ ‘ಈರನಗೆರೆ ಬದ್ನೇಏಏ’ ನನ್ನ ಬಾಯಲ್ಲಿ ಕೇಳಿ, ಅಮ್ಮ ಎರಡು ಸಲ ಚೀಲ ಹಿಡಿದು ಗೇಟಿಗೆ ಬಂದಿದ್ದರು. ಅಕ್ಕ ನಗುತ್ತಿದ್ದರು: “ಕೂಗೋದು ಕಲ್ತುಬುಟ್ಟೆ. ಬೆಳೆಯೋದು ಯಾವಾಗಪ್ಪಾ?”

ಅವರು ಬೆಳೆಯುತ್ತಿದ್ದದ್ದು ಹೂಟಗಳ್ಳಿಯಲ್ಲಿ, ಎರಡು ಕಾರ್ಖಾನೆಗಳ ನಡುವೆ ಉಳಿದ ತುಂಡು ನೆಲದಲ್ಲಿ. ಸಾಲಿನ ಚೆಂದದ ಕಾಯಿಗೆ ಕೆಂಪು ದಾರ ಕಟ್ಟುತ್ತಿದ್ದರು. ಅದು ಬೀಜಕ್ಕೆ, ಗಿಡದಲ್ಲೇ ಹಣ್ಣಾಗಿ ಹಳದಿಯಾಗಬೇಕು. ಅತ್ತೆ ಕೊಟ್ಟ ಈರನಗೆರೆ ತಳಿ, ಒಂದು ವರ್ಷವೂ ತಪ್ಪಿರಲಿಲ್ಲ. ಬಸುರಿ ಮಗಳು ಆ ಕಾಯಿಗೆ ಆಸೆಪಟ್ಟಾಗಲೂ “ದಾರದ್ದು ಮುಟ್ಬ್ಯಾಡ” ಅಂದಿದ್ದರಂತೆ.

ಪಕ್ಕದ ಜಮೀನನ್ನು ಬೀಜದ ಕಂಪನಿಯೊಂದು ಹಿಡಿಯಿತು. ಅವರದು ಬೇರೆ ಜೀವಿಯ ವಂಶವಾಹಿ ಸೇರಿಸಿದ, ತಿಂದ ಹುಳವೇ ಸಾಯುವ ಬದನೆ. ಬೆಳೆದು ಪರೀಕ್ಷಿಸಲು ಊರವರ ಒಪ್ಪಿಗೆ ಬೇಕಿತ್ತು. ಸಭೆಗೆ ಕರೆಯಲು ಆಟೋದಲ್ಲಿ ಕೂಗುವ ದನಿ ಬೇಕೆಂದರು. ನಾನು, ಮಹಾ ಕಲಾವಿದ, ಅಕ್ಕನ ದನಿಯಲ್ಲೇ ರೆಕಾರ್ಡು ಮಾಡಿಕೊಟ್ಟೆ: “ಉಳ ಇಲ್ದ ಬದ್ನೇಏಏ, ಬಂದು ಒಪ್ಕೊಳ್ರೀ!” ಕೇಳಿದವರೆಲ್ಲ ಅಕ್ಕನೇ ಒಪ್ಪಿದರು ಅಂದುಕೊಂಡರು.

ಸಭೆಗೆ ಅಕ್ಕ ಬಂದರು, ಸೆರಗಿನಲ್ಲಿ ದಾರದ ಕಾಯಿ. “ಆ ಕೂಗು ನಂದಲ್ಲ. ಅಗೋ, ಅಲ್ಲಿ ಕೂತವ್ನಲ್ಲ ಕೋತಿ, ಅವಂದು.”

ಎದ್ದು ನಿಂತು “ಹೌದು” ಅಂದೆ. ಬಹುಶಃ ನಾನು ಸ್ವಂತ ದನಿಯಲ್ಲಿ ಆಡಿದ ಮೊದಲ ಮಾತು ಅದು.

ಕಂಪನಿಯವರು ನಯವಾಗಿಯೇ ಇದ್ದರು. “ತಿಂದ್ರೆ ಏನೂ ಆಗಲ್ಲಮ್ಮ. ಇಲಿಗಳಿಗೆ ತಿನ್ನಿಸಿ ನೋಡಿದೀವಿ.”

“ಇಲಿಗಳು ನನ್ನಂಗೆ ಅರವತ್ತು ವರ್ಸ ತಿಂದವಾ? ಓಗ್ಲಿ, ನಿಮ್ ಗಿಡದ ಪರಾಗವ ಜೇನ್ನೊಣ ನನ್ ಗಿಡಕ್ಕೆ ತಂದ್ರೆ?”

“ನಡುವೆ ಜಾಗ ಬಿಡ್ತೀವಿ.”

“ನೊಣದ ಕೈಗೆ ಟೇಪು ಕೊಡ್ತೀರಾ, ಅಳತೆ ಮಾಡ್ಕೊಂಡು ಆರಾಡಕ್ಕೆ?”

“ಅಕಸ್ಮಾತ್ ಬೆರೆತರೆ ಪರಿಹಾರದ ಚೆಕ್ ಕೊಡ್ತೀವಲ್ಲ!”

ಅಕ್ಕ ಈಗಿಲ್ಲ. ನಮ್ಮ ತಾರಸಿಯ ಕುಂಡದಲ್ಲಿ ಅವರ ಗಿಡವಿದೆ, ದಾರ ನಾನೇ ಕಟ್ಟಿದ್ದೇನೆ. ಅವರ ದನಿಯನ್ನು ಅಣಕಿಸುವುದು ಬಿಟ್ಟಿದ್ದೇನೆ, ಒಂದು ಮಾತಿನ ಹೊರತು. ಅವತ್ತು ಒಪ್ಪಿಗೆ ಪತ್ರಕ್ಕೆ ಒಂದು ಸಹಿಯೂ ಬೀಳದ ಹಾಗೆ ಮಾಡಿದ ಮಾತು ಅದು. ಸೆರಗಿನ ಕಾಯಿಯನ್ನು ಮೇಜಿನ ಮೇಲಿಟ್ಟು ಕೇಳಿದ್ದರು:

“ನಿಮ್ ಚೆಕ್ಕು ಬಿತ್ತುದ್ರೆ ನಮ್ಮತ್ತೆ ಬದ್ನೆ ಮೊಳೀತದಾ ಸ್ವಾಮಿ?”