ಸಾಕಮ್ಮಕ್ಕನ ಹಿತ್ತಲು

ನಮ್ಮ ಮನೆಗೆ ಬಂದವರು ಎಲ್ಲಿ ನಿಂತು ಕಾಲು ತೊಳೆಯಬೇಕು ಎನ್ನುವುದನ್ನು ಹೇಳುತ್ತಿದ್ದವಳು ನನ್ನ ವಾರಗಿತ್ತಿ ಸಾಕಮ್ಮಕ್ಕ. ಮದುವೆಯಾಗಿ ನಾನು ಮಳವಳ್ಳಿ ಕಡೆಯ ಆ ಊರಿಗೆ ಹೋದ ದಿನ ಹೊಸಿಲ ಮುಂದೆ ಚೆಂಬು ಹಿಡಿದು ನಿಂತಿದ್ದೆ. ಅವಳು ನನ್ನ ರಟ್ಟೆ ಹಿಡಿದು ಮನೆಯ ಮಗ್ಗುಲಿಗೆ ಎಳೆದುಕೊಂಡು ಹೋದಳು.

“ಅಲ್ ಯಾಕವ್ವ ಚೆಲ್ತೀಯ? ಬದ್ನೆ ಬುಡ್ದಲ್ಲಿ ನಿಂತ್ಕೊಂಡು ತೊಳ್ಕೊ. ಅದೂ ಬೆಳಗಿಂದ ನೀರ್ ಕಂಡಿಲ್ಲ.”

ಧಾರೆ ಸೀರೆಯ ಅಂಚೆಲ್ಲ ಕೆಸರಾಯಿತು. ನೆಂಟರು ನಕ್ಕರು. ಅವಳು ನಗಲಿಲ್ಲ, ಬಗ್ಗಿ ನೀರು ಬೇರಿಗೆ ಇಳಿಯಿತೋ ಇಲ್ಲವೋ ನೋಡುತ್ತಿದ್ದಳು.

ಅದು ಕೆಂಪು ಗರಸು ಮಣ್ಣು. ಮಳೆ ಬಂದರೆ ಬಂತು. ಬಾವಿ ಊರಾಚೆ ಇತ್ತು. ಅಂಥ ಕಡೆಯಲ್ಲಿ ಸಾಕಮ್ಮಕ್ಕ ಬದನೆ, ಅವರೆ, ಕುಂಬಳ, ನುಗ್ಗೆ ಎಲ್ಲ ಬೆಳೆದಿದ್ದಳು. ಒಂದೊಂದು ಗಿಡಕ್ಕೂ ಬೋಗುಣಿಯಂಥ ಗುಣಿ ತೋಡಿ, ತೇವ ಆರದ ಹಾಗೆ ರಾಗಿ ಹೊಟ್ಟು ಮುಚ್ಚುತ್ತಿದ್ದಳು. ಬಟ್ಟೆ ಒಗೆದ ನೀರು ಕುಂಬಳಕ್ಕೆ, ಮಗಳು ನಿಂಗಿಗೆ ಎರೆದ ನೀರು ನುಗ್ಗೆಗೆ. “ನೀರು ಒಂದ್ ಕೆಲ್ಸ ಮಾಡಿ ಸುಮ್ನೆ ಓಗಬಾರ್ದು ಕಣೆ” ಅನ್ನುತ್ತಿದ್ದಳು.

ಯುದ್ಧ ನಡೆಯುತ್ತಿದ್ದ ಕಾಲಕ್ಕೆ ಭಾವನಿಗೆ ಮಂಡ್ಯದ ಹತ್ತಿರ, ಹೊಳಲಿನ ಕಡೆ, ನಾಲೆ ಕಾಯುವ ಕೆಲಸ ಸಿಕ್ಕಿತು. ನನ್ನ ಗಂಡನಿಗೂ ಅಲ್ಲೇ ಕಬ್ಬಿನ ಗದ್ದೆಯಲ್ಲಿ ಕೂಲಿ. ನಾಲೆ ಏರಿಯ ಕೆಳಗಿನ ಸಾಲುಮನೆಯೊಂದಕ್ಕೆ ಎಲ್ಲರೂ ಬಂದೆವು. ಸಾಕಮ್ಮಕ್ಕ ಬೀಜಗಳನ್ನು ಬೂದಿಯಲ್ಲಿ ಕಲಸಿ ಸೆರಗಿಗೆ ಗಂಟು ಹಾಕಿಕೊಂಡು ಬಂದಿದ್ದಳು. ಬಂದವಳೇ ಏರಿ ಹತ್ತಿ, ನಾಲೆಗೆ ಇಳಿದು ಕೊಡ ತುಂಬಿ, ಆ ನೀರನ್ನು ಸುಮ್ಮನೆ ದಾರಿಗೆ ಸುರಿದಳು. ಮತ್ತೆ ತುಂಬಿ ಮತ್ತೆ ಸುರಿದಳು.

“ಚೆಲ್ಲು ಕಣೆ, ನೀನೂ ಚೆಲ್ಲು! ಕೇಳೋರ್ ಯಾರವ್ರೆ?” ಎಂದು ನಿಂಗಿಯ ಜೊತೆ ತಾನೂ ಮಗುವಿನ ಹಾಗೆ ನಕ್ಕಳು. ಅವಳು ಅಷ್ಟು ನಕ್ಕಿದ್ದನ್ನು ನಾನು ಆಮೇಲೆ ಕಾಣಲಿಲ್ಲ.

ಊರಿನ ಹಾಗೆಯೇ ಇಲ್ಲೂ ಗುಣಿ ತೋಡಿದಳು. ಹಾಕದೆ ಇದ್ದರೂ ಗುಣಿಯಲ್ಲಿ ನೀರು ತಾನಾಗಿ ಮೇಲೆ ಬಂತು. ಬದನೆ ಸಸಿ ಬೇರು ಕಪ್ಪಾಗಿ ಕೊಳೆಯಿತು. ಮತ್ತೆ ಬಿತ್ತಿದಳು, ಮತ್ತೆ ಕೊಳೆಯಿತು. ಆಗ ರೇಷನ್ ಅಂಗಡಿಯಲ್ಲಿ ಅಳೆದು ಕೊಡುತ್ತಿದ್ದ ರಾಗಿ ಯಾರ ಹೊಟ್ಟೆಗೂ ಸಾಲುತ್ತಿರಲಿಲ್ಲ. ಉಳಿದದ್ದು ಹಿತ್ತಲಿನಿಂದಲೇ ಬರಬೇಕು. ಕೊಳೆತ ಸಸಿಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

“ಅಲ್ಲಿ ನೀರಿಲ್ದೆ ಸಾಯ್ತಿದ್ವು, ಇಲ್ಲಿ ನೀರ್ ಕುಡ್ದು ಸಾಯ್ತವೆ. ನಾನ್ ಕಲ್ತಿದ್ದೆಲ್ಲ ತಲೆಕೆಳಗಾಯ್ತಲ್ಲೆ.”

ಆಮೇಲೆ ಹಿತ್ತಲನ್ನೇ ತಲೆಕೆಳಗು ಮಾಡಿದಳು. ಗುಣಿ ಇದ್ದಲ್ಲಿ ಮೊಣಕಾಲುದ್ದ ದಿಬ್ಬ ಏರಿಸಿ, ದಿಬ್ಬಗಳ ನಡುವೆ ನೀರು ಬಸಿದು ನಿಲ್ಲಲು ಕಾಲುವೆ ತೋಡಿದಳು. ಮೇಲೆ ಬದನೆ, ಅವರೆ. ಕೆಳಗಿನ ನೀರಲ್ಲಿ ಊರಿನಲ್ಲಿ ಎಂದೂ ಬೆಳೆಯದ ಕೆಸು. ಈ ಸಲ ಎಲ್ಲ ಹಿಡಿದವು. ಒಂದು ಮಳೆಗಾಲ ಪೂರ್ತಿ ನಾವು ಆ ಹಿತ್ತಲನ್ನೇ ಉಂಡೆವು.

ಆಮೇಲೆ ಚಳಿಜ್ವರ ಬಂತು. ಸಾಲುಮನೆಯಲ್ಲಿ ಬಿಡದೆ ಎಲ್ಲರನ್ನೂ ಮಲಗಿಸಿತು. ನಮಗೆಲ್ಲ ಬಂದು ಹೋಯಿತು, ನಿಂಗಿಗೆ ಮಾತ್ರ ಬಿಡಲಿಲ್ಲ. ಕೈಕಾಲು ಕಡ್ಡಿಯಾಗಿ, ಎಡಗಡೆ ಪಕ್ಕೆಯ ಕೆಳಗೆ ಗಡ್ಡೆ ಕಟ್ಟಿತು. ಆ ಜ್ವರಕ್ಕೆ ಕೊಡುವ ಕಹಿ ಮಾತ್ರೆ ಎಲ್ಲಿ ಕೇಳಿದರೂ ಇಲ್ಲ, ಯುದ್ಧಕ್ಕೆ ಹೋಯಿತು ಅನ್ನುತ್ತಿದ್ದರು. ನಿಂತ ನೀರಿಗೆ ಎಣ್ಣೆ ಹೊಯ್ಯಲು ಬಂದ ಸರ್ಕಾರದವನೊಬ್ಬ ನಮ್ಮ ಹಿತ್ತಲಿಗೂ ಬಂದ.

“ಈ ಕಾಲುವೆ ಮುಚ್ಚಬೇಕಮ್ಮ. ಸೊಳ್ಳೆ ಹುಟ್ಟೋದು ಇಲ್ಲೇ.”

“ಮುಚ್ಚುದ್ರೆ ನನ್ ಮಗ್ಳು ಉಣ್ಣೋದೇನ ಸ್ವಾಮಿ? ಮೊದ್ಲು ನಿಮ್ ನಾಲೆ ಮುಚ್ಚಿ, ಆಮೇಲೆ ಇದ್ನ ಮುಚ್ತೀನಿ.”

ಅವನು ಎಣ್ಣೆ ಹೊಯ್ದು ಹೋದ. ಕೆಸುವಿನ ಎಲೆ ಸುಟ್ಟ ಹಾಗೆ ಕರ್ರಗಾದವು.

ನಿಂಗಿಗೆ ಮತ್ತೆ ನಡುಕ ಹತ್ತಿದ ದಿನ ಸಾಕಮ್ಮಕ್ಕ ಗುದ್ದಲಿ ತೆಗೆದುಕೊಂಡಳು. ಕಾಯಿ ತೂಗುತ್ತಿದ್ದ ದಿಬ್ಬಗಳನ್ನು ಕಡಿದು ಕಾಲುವೆಗೆ ಎಳೆದಳು. ನಾನು ಮಣ್ಣು ಹೊರಲು ಮಂಕರಿ ಹಿಡಿದು ಹೋದರೆ “ಮುಟ್ಟಬ್ಯಾಡ” ಅಂದಳು. ಸಂಜೆಗೆ ಹಿತ್ತಲು ಸಪಾಟಾಗಿತ್ತು. ಮಳೆ ಬಿದ್ದ ಮೇಲೆ ಉಳಿದಿದ್ದ ಗಿಡಗಳೂ ಹಳದಿಯಾಗಿ ಮಲಗಿದವು. ಆ ಶ್ರಾವಣದಲ್ಲೇ ನಿಂಗಿ ಹೋದಳು.

ಕಣ್ಣು ಹಾಯಿಸಿದಷ್ಟು ದೂರವೂ ಗದ್ದೆಯ ನೀರೇ ಇತ್ತು. ನಮ್ಮ ಮೊಳ ಅಗಲದ ಕಾಲುವೆ ಯಾವ ಲೆಕ್ಕ? ನಾನು ಹಾಗೆಂದು ಎಷ್ಟೋ ಸಲ ಹೇಳಿದೆ.

“ನಾಲೆ ಯಾರ್ ತೋಡುದ್ರೋ ನಂಗ್ ಗೊತ್ತಿಲ್ಲ ಕಣೆ. ಇದ್ನ ತೋಡ್ದೋಳು ನಾನು” ಅಂದಳು.

ಭಾವ ನಾಲೆ ಕೆಲಸದಲ್ಲೇ ಉಳಿದ. ಅವಳು ಮಳವಳ್ಳಿ ಕಡೆಯ ಹಳೆಯ ಮನೆಗೆ ಒಬ್ಬಳೇ ಹೊರಟುಹೋದಳು.

ಸ್ವಾತಂತ್ರ್ಯ ಬರುವ ಹಿಂದಿನ ವರ್ಷ, ಮಳೆಗಾಲದಲ್ಲಿ, ನನ್ನ ಮಗ ಮಾದುವಿಗೆ ಅದೇ ಚಳಿಜ್ವರ ಬಂತು. ಇನ್ನೂ ಹಾಲು ಕುಡಿಯುವ ಕೂಸು. ಜ್ವರ ಬಿಟ್ಟ ದಿನ ಅವನನ್ನು ಸೊಂಟಕ್ಕೆ ಹಾಕಿಕೊಂಡು, ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಅವಳ ಹತ್ತಿರ ಹೋದೆ. ಹಿತ್ತಲಲ್ಲಿ ಮತ್ತೆ ಗುಣಿಗಳಿದ್ದವು, ಹೊಟ್ಟು ಮುಚ್ಚಿತ್ತು. ಅವಳು ಮಾತಾಡುವುದಕ್ಕೂ ಮುಂಚೆ ಮಾದುವಿನ ಎಡಪಕ್ಕೆಯ ಕೆಳಗೆ ಬೆರಳಿಟ್ಟು ಒತ್ತಿ ನೋಡಿದಳು.

“ಮಳೆಗಾಲ ಮುಗಿಯೋಗಂಟ ಬುಟ್ಟು ಓಗು.”

“ಇನ್ನೂ ಹಾಲ್ ಬುಟ್ಟಿಲ್ಲ ಕಣಕ್ಕ.”

“ಅಂಬ್ಲಿ ಕುಡುಸ್ತೀನಿ. ಬುಟ್ಟು ಓಗು. ಅಲ್ಲಿಗ್ ಕರ್ಕೊಂಡ್ ಓಗಬ್ಯಾಡ ಕಣೆ, ನಿನ್ ಕಾಲ್ ಇಡ್ಕೋತೀನಿ.”

ನಿಜವಾಗಿಯೂ ಬಗ್ಗಿದಳು. ನನಗಿಂತ ಹಿರಿಯಳು. ನಾನು ಹಿಂದಕ್ಕೆ ಸರಿದೆ, ಮಗುವನ್ನು ಅವಳ ತೋಳಿಗೆ ಕೊಟ್ಟೆ. ವಾಪಸು ಬರುವಾಗ ಬಸ್ಸಿನಲ್ಲಿ ಎದೆ ಬಿಗಿದು ರವಿಕೆಯೆಲ್ಲ ನೆನೆದುಹೋಯಿತು. ಸೆರಗು ಹೊದ್ದು ಕೂತಿದ್ದೆ.

ಸಂಕ್ರಾಂತಿಯ ಹೊತ್ತಿಗೆ ಕರೆದುಕೊಂಡು ಬರಲು ಹೋದೆ. ಮಾದುವಿನ ಕೆನ್ನೆ ತುಂಬಿತ್ತು. ಪಕ್ಕೆಯ ಕೆಳಗೆ ಮೆತ್ತಗಿತ್ತು. ಇವತ್ತು ಅವನು ಬದುಕಿ ದೊಡ್ಡವನಾಗಿದ್ದಾನೆ ಅಂದರೆ ಆ ವರ್ಷ ಅವನನ್ನು ಉಳಿಸಿಕೊಟ್ಟವಳು ಅವಳು. ಅವನು ನನ್ನ ಗುರುತು ಹಿಡಿಯಲಿಲ್ಲ. ಸಾಕಮ್ಮಕ್ಕನ ಸೀರೆಯ ಹಿಂದೆ ಅವಿತುಕೊಂಡು ಅವಳನ್ನೇ ‘ಅವ್ವ’ ಅಂದ.

ಅವಳೇ ಅವನ ಬೆರಳು ಬಿಡಿಸಿ ನನ್ನ ಸೊಂಟಕ್ಕೆ ಏರಿಸಿದಳು. ಅವನು ಕಿರುಚಿಕೊಂಡ. ಅವಳು ಹಿತ್ತಲಿಗೆ ಹೋಗಿಬಿಟ್ಟಳು. ನಾನು ಹಿಂದೆ ಹೋಗಿ “ಅಕ್ಕ, ಓಗ್ ಬತ್ತೀನಿ” ಅಂದೆ. ಅವಳು ಅತ್ತ ತಿರುಗಿ ಅವರೆಕಾಯಿ ಬಿಡಿಸುತ್ತಿದ್ದಳು, ಬಲಿತದ್ದು ಎಳೆಯದು ಒಂದೂ ನೋಡುತ್ತಿರಲಿಲ್ಲ.

“ಬಸ್ ತಪ್ತದೆ. ಓಗು” ಅಂದಳು. ತಿರುಗಲಿಲ್ಲ.

ಮುಂದಿನ ಮಳೆಗಾಲಕ್ಕೆ ಮುಂಚೆಯೇ ಅವಳು ತೀರಿಕೊಂಡಳೆಂದು ಸುದ್ದಿ ಬಂತು. ಆ ವರ್ಷ ನಾಲೆಗೆ ನೀರು ಬಿಟ್ಟು ಮತ್ತೆ ಜ್ವರದ ಕಾಲ ಬಂದಾಗ ಮಾದುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಅವನನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕೆಂದು ನನಗೆ ತಿಳಿಯಲಿಲ್ಲ.