ತಣಿಯದ ಗುಂಡಿಯ ಇದ್ದಿಲು

ತೆಂಗಿನ ಕರಟ ಸುಟ್ಟು ಇದ್ದಿಲು ಮಾಡುವುದು ನನ್ನ ಕಸುಬು. ಅರಸೀಕೆರೆಯಿಂದ ಸ್ವಲ್ಪ ಆಚೆ, ಕೊಬ್ಬರಿ ಶೆಡ್ಡುಗಳ ಹಿಂದೆ ನನ್ನ ಏಳು ಗುಂಡಿಗಳಿವೆ. ಏಳನ್ನೂ ನಾನೇ ಅಗೆದದ್ದು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ, ಇದ್ದಿಲನ್ನು ಕಲ್ಲಿನ ಮೇಲೆ ಎತ್ತಿಹಾಕಿ ಸದ್ದಿನಲ್ಲೇ ಬೆಂದದ್ದು ಯಾವುದು, ಹಸಿ ಯಾವುದು ಎಂದು ಹೇಳಬಲ್ಲೆ. ಇಂದಿನವರೆಗೂ ಯಾರ ಮುಂದೆಯೂ ಕೈಕಟ್ಟಿ ನಿಂತಿಲ್ಲ.

ಎರಡು ವರ್ಷದ ಕೆಳಗೆ ಬೇಲೂರಿನಿಂದ ಬಸ್ಸು ಹಿಡಿದು ಒಬ್ಬರು ಮೇಡಂ ಬಂದರು. ಗೆಂಡೆಹಳ್ಳಿ ಮೇಷ್ಟರ ಮಗಳು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವವರು. ಇದ್ದಿಲಿನಿಂದ ಬ್ಯಾಟರಿ ಮಾಡುತ್ತೇನೆ ಎಂದಾಗ ನಗು ಬಂತು. ಅವರು ಬೇಸರಪಡದೆ ಬಿಡಿಸಿ ಹೇಳಿದರು.

“ಸೋಡಿಯಂ ಅಂತ ಉಪ್ಪಲ್ಲಿರೋ ಲೋಹ ಕಣ್ರೀ. ಬೆಣ್ಣೆ ಥರ ಚಾಕುವಲ್ಲಿ ಕುಯ್ಬೋದು. ಬ್ಯಾಟರಿ ಚಾರ್ಜ್ ಮಾಡ್ದಾಗ ಅದು ಬಂದು ಒಂದು ಕಡೆ ಕೂರ್ಬೇಕು. ಸಮವಾಗಿ ಕೂರಲ್ಲ. ಮುಳ್ಳುಮುಳ್ಳಾಗಿ ಬೆಳೆದು ನಡುವಿನ ಪರದೆ ಚುಚ್ಚುತ್ತೆ, ಬ್ಯಾಟರಿ ಸಾಯುತ್ತೆ. ಕಾರ್ಬನ್ನಿನ ಗೂಡು ಕೊಟ್ರೆ ತೆಪ್ಪಗೆ ಕೂರುತ್ತೆ. ಆ ಗೂಡು ನಿಮ್ಮ ಇದ್ದಿಲಿಂದ ಆಗುತ್ತಾ ನೋಡ್ಬೇಕು.”

ಒಂದೇ ಷರತ್ತು ಹಾಕಿದರು. ನೀರು ಹಾಕಿ ಆರಿಸಬಾರದು. ಮಣ್ಣು ಮುಚ್ಚಿ, ಪೂರ್ತಿ ತಣಿದ ಮೇಲೆಯೇ ಗುಂಡಿ ತೆಗೆಯಬೇಕು. ಬಿಸಿಯಿದ್ದಾಗ ಗಾಳಿ ತಾಗಿದರೆ ಇದ್ದಿಲು ಮೇಲುಮೇಲೆ ಸುಟ್ಟು ಬೂದಿಯಾಗುತ್ತದೆ, ಅದು ಕೆಲಸಕ್ಕೆ ಬಾರದು.

ಗುಂಡಿ ನೋಡಿಕೊಳ್ಳುತ್ತಿದ್ದವಳು ಹದಿನಾಲ್ಕು ವರ್ಷದಿಂದ ನನ್ನಲ್ಲಿದ್ದ ಒಬ್ಬ ವಿಧವೆ. ಮುಚ್ಚಿದ ಮಣ್ಣಿನ ಮೇಲೆ ಅಂಗೈ ಊರಿ, ಒಳಗೆ ಎಷ್ಟು ಬಿಸಿಯಿದೆ ಎಂದು ಹೇಳುವಳು. ಬೆಂಕಿ ಇಡುವಾಗ ಒಂದು ಹಿಡಿ ಉಪ್ಪು, ಎರಡು ಒಣಮೆಣಸಿನಕಾಯಿ ನಿವಾಳಿಸಿ ಗುಂಡಿಗೆ ಎಸೆಯುವಳು. ಗುಂಡಿಗೆ ದೃಷ್ಟಿಯಾಗಬಾರದೆಂದು ನನ್ನ ತಾಯಿಯೇ ಅವಳಿಗೆ ಕಲಿಸಿದ್ದು. ಹೊಗೆ ಕುಡಿದು ಅವಳ ಎದೆ ಕೆಟ್ಟಿತ್ತು. ಕೆಮ್ಮುವವರನ್ನು ಕೊಬ್ಬರಿ ಶೆಡ್ಡಿನವರು ಒಳಗೇ ಬಿಡುವುದಿಲ್ಲ. ನನ್ನ ಗುಂಡಿ ಬಿಟ್ಟರೆ ಅವಳಿಗೆ ಬೇರೆ ಅನ್ನವಿರಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಮೊದಲ ಮೂಟೆ ಅವಳ ಕೈಯದು. ಇಂಥ ಇದ್ದಿಲು ಎಲ್ಲೂ ಸಿಕ್ಕಿಲ್ಲ ಎಂದು ಮೇಡಂ ಹೊಗಳಿದರು. ಹೊಗಳಿಕೆಯನ್ನು ನಾನೇ ಇಟ್ಟುಕೊಂಡೆ. ಎರಡನೆಯದನ್ನು ಸೋಮವಾರ ಕೊಡುತ್ತೇನೆಂದು ಮಾತು ಕೊಟ್ಟೆ. ಭಾನುವಾರ ಅವಳು ಮಣ್ಣಿನ ಮೇಲೆ ಕೈಯಿಟ್ಟು ತಲೆಯಾಡಿಸಿದಳು.

“ಇನ್ನೂ ಬೆಚ್ಚಗೈತೆ ಯಜಮಾನ್ರೇ. ಒಂದೆರಡು ದಿನ ಬುಡಿ.”

“ನನ್ನ ಮಾತಿಗಿಂತ ನಿನ್ನ ಕೈ ದೊಡ್ದಾ? ಸರಿ ಅತ್ಲಾಗೆ.”

ನಾನೇ ಸಲಿಕೆ ಹಾಕಿದೆ. ಗಾಳಿ ತಾಗಿದ್ದೇ ಒಳಗೆ ಕೆಂಡ ಕಣ್ಣುಬಿಟ್ಟಿತು. ಮತ್ತೆ ಮಣ್ಣೆರಚಿ ಆರಿಸಿ ಮೂಟೆ ಕಟ್ಟಿದೆ.

ತಿಂಗಳ ಮೇಲೆ ಮೇಡಂ ಬಂದರು. ಮೊದಲ ಮೂಟೆಯ ಬ್ಯಾಟರಿಗಳು ಇನ್ನೂ ಓಡುತ್ತಿವೆ, ಎರಡನೆಯದರವು ನಾಲ್ಕು ದಿನಕ್ಕೇ ಸತ್ತವು ಎಂದರು. “ಬೂದಿ ಜಾಸ್ತಿ ಇದೆ. ಗುಂಡಿ ಬೇಗ ತೆಗೆದ್ರಾ?”

ಪಕ್ಕದ ಶೆಡ್ಡಿನವರೆಲ್ಲ ಕಿವಿ ನಿಮಿರಿಸಿದ್ದರು. ಅವಳು ಅಲ್ಲೇ ಕೂತು ಇದ್ದಿಲು ಜರಡಿ ಹಿಡಿಯುತ್ತಿದ್ದಳು. ನಾನು ಅವಳತ್ತ ಕೈ ತೋರಿಸಿದೆ.

“ಉಪ್ಪು ಮೇಡಂ! ಈ ಮುದುಕಿ ದೃಷ್ಟಿ ಅಂತ ಗುಂಡಿಗೆ ಉಪ್ಪು ಮೆಣಸಿನಕಾಯಿ ಸುರೀತಾಳೆ. ಇವಳಿಗೇನು ಗೊತ್ತು ಬ್ಯಾಟ್ರಿ?”

ಶೆಡ್ಡಿನಿಂದ ಒಬ್ಬ ಕೂಗಿದ: “ಏನಜ್ಜೀ, ಬ್ಯಾಟ್ರಿಗೆ ಒಗ್ಗರಣೆ ಹಾಕ್ಬುಟ್ಯಾ?” ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಮೇಡಂ ನಗಲಿಲ್ಲ. “ಉಪ್ಪು ತೊಳೆದ್ರೆ ಹೋಗುತ್ತೆ ರೀ. ನಾನು ಹೆಂಗೂ ಆಸಿಡ್ಡಲ್ಲಿ ತೊಳೀತೀನಿ. ಅದಲ್ಲ. ಗುಂಡಿ ತೆಗೆದಿದ್ದು ಯಾರು?”

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅಷ್ಟು ಜನ ನೋಡುತ್ತಿದ್ದರು.

“ಇವಳೇ,” ಎಂದೆ.

“ನಾನಾ?” ಎಂದಳು ಅವಳು. ಮುಂದಿನ ಮಾತು ಕೆಮ್ಮಿನಲ್ಲಿ ಹೋಯಿತು. ನಾನು ಆ ಕೆಮ್ಮು ಮುಗಿಯುವವರೆಗೂ ಕಾಯಲಿಲ್ಲ.

“ಬಾಯ್ಮುಚ್ಚು. ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ.”

“ಕೆಲ್ಸ ಬಿಡ್ಸೋದೆಲ್ಲ ಬೇಡ ರೀ, ಇನ್ನೊಂದ್ಸಲ ಜೋಪಾನವಾಗಿದ್ರೆ ಸಾಕು,” ಎಂದರು ಮೇಡಂ. ನನ್ನ ಜಾಗದ ವಿಚಾರ ನನಗೆ ಬಿಡಿ ಎಂದೆ. ಅವಳು ಜರಡಿಯನ್ನು ಗೋಡೆಗೆ ಒರಗಿಸಿ, ಸೆರಗಿನಲ್ಲಿ ಕೈಯ ಮಸಿ ಒರೆಸಿಕೊಂಡು ಹೋದಳು.

ಮೂರನೇ ಮೂಟೆಯನ್ನು ನಾನೊಬ್ಬನೇ ಮಾಡಿದೆ. ಅವಳ ಹಾಗೆ ಮಣ್ಣಿನ ಮೇಲೆ ಕೈಯಿಟ್ಟು ನೋಡಿದೆ; ನನ್ನ ಕೈಗೆ ಏನೂ ತಿಳಿಯಲಿಲ್ಲ. ಅದಕ್ಕೇ ಒಂದು ವಾರ ಮುಟ್ಟಲೇ ಇಲ್ಲ. ಇದ್ದಿಲು ಚೆನ್ನಾಗಿಯೇ ಬಂತು. ಸೋಡಿಯಂ ಮುಳ್ಳೇಳದೆ, ಗಟ್ಟಿ ಮೊಸರಿನ ಹಾಗೆ ಸಮನಾಗಿ ಕೂತ ಫೋಟೋವನ್ನು ಮೇಡಂ ಮೊಬೈಲಿಗೆ ಕಳಿಸಿದರು. ಅದನ್ನು ಶೆಡ್ಡುಶೆಡ್ಡಿಗೂ ಹೋಗಿ ತೋರಿಸಿದೆ.

ಅವಳು ಈಗ ಬಸ್ ಸ್ಟ್ಯಾಂಡಿನ ಗೋಡೆಯ ಪಕ್ಕ ಕಡ್ಡಿಪೊರಕೆ ಮಾರುತ್ತಾಳೆ. ಮೊನ್ನೆ ಬೈಕು ನಿಲ್ಲಿಸಿ, “ಕೆಲಸಕ್ಕೆ ಬಾ,” ಎಂದೆ.

“ಗುಂಡಿ ತೆಗ್ದೋರು ಯಾರು ಅಂತ ಆ ಮೇಡಮ್ಮಂಗೆ ಹೇಳಿದ್ರಾ?”

“ಅದೆಲ್ಲ ಮುಗಿದ ಕತೆ.”

“ನಂದು ಮುಗ್ದಿಲ್ಲ. ಹೇಳಿ, ಮಾರ್ನೇ ದಿನವೇ ಬತ್ತೀನಿ. ಈಗ ಆಚೆ ನಿಂತ್ಕಳಿ, ಗಿರಾಕಿ ಬತ್ತಾವ್ರೆ.”

ಮೇಡಂ ಈಗಲೂ ಫೋನ್ ಮಾಡುತ್ತಾರೆ. ಗುಂಡಿ ಹೇಗಿದೆ, ಕೆಲಸಕ್ಕೆ ಹೊಸಬರು ಸಿಕ್ಕರೇ ಎಂದು ವಿಚಾರಿಸುತ್ತಾರೆ. ನಿಜ ಹೇಳುವುದಕ್ಕೆ ಅರ್ಧ ನಿಮಿಷವೂ ಬೇಕಿಲ್ಲ. ಎಲ್ಲ ಚೆನ್ನಾಗಿದೆ ಮೇಡಂ ಎಂದು ಫೋನ್ ಇಡುತ್ತೇನೆ.